ಮಾಳಿಗೆಯ ಕುಂಬಿ ಮತ್ತು ಮೋಶೆಯ ಧರ್ಮಶಾಸ್ತ್ರ

ಗೋವಾದ ವಾಸ್ಕೋ ಊರಿನ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳಿವು. ಆ ದಿನ ಬರಲಾಗದ ಕೆಲವರು ಬರೆದು ಕೊಡಿ ಅಂದರು. ಹೇಳಿದ ಹಾಗೆಯೇ ಬರೆಯಲು ನೋಡಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರೂ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಧರ್ಮೋಪದೇಶಕಾಂಡ 22ನೇ ಅಧ್ಯಾಯ ತೆಗೆಯಿರಿ. 8ನೇ ವಚನ. ಹೊಸ ಮನೆ ಕಟ್ಟಿಸಿದರೆ ಮಾಳಿಗೆಯ ಸುತ್ತ ಗೋಡೆ, ಅಂದರೆ ಕುಂಬಿ, ಕಟ್ಟಿಸಬೇಕು. ಕಟ್ಟಿಸದೆ ಬಿಟ್ಟು ಯಾರಾದರೂ ಮೇಲಿಂದ ಬಿದ್ದರೆ ಆ ರಕ್ತದ ಹೊಣೆ ನಿನ್ನ ಮನೆಯ ಮೇಲೆ ಬರುತ್ತದೆ. ಇಷ್ಟೇ ಮಾತು.

ದೇವರು ಮೋಶೆಯ ಕೈಯಿಂದ ಇಸ್ರಾಯೇಲ್ಯರಿಗೆ ಕೊಟ್ಟ ಧರ್ಮಶಾಸ್ತ್ರ ಅಂದ ಕೂಡಲೇ ನಮಗೆ ಸೀನಾಯಿ ಬೆಟ್ಟ, ಗುಡುಗು, ಮಿಂಚು, ಎರಡು ಕಲ್ಲಿನ ಹಲಗೆ ಕಣ್ಣ ಮುಂದೆ ಬರುತ್ತವೆ. ಅದೇ ದೇವರು ಮಾಳಿಗೆಯ ಕುಂಬಿಯ ವಿಷಯವನ್ನೂ ಬರೆಸಿದ್ದಾನೆ. ನಾನು 26 ವರ್ಷ ಕಟ್ಟಡದ ಸೈಟುಗಳಲ್ಲಿ ಸೂಪರ್‌ವೈಸರ್ ಆಗಿದ್ದವನು. ಇಲ್ಲಿ ಕೂತವರಲ್ಲೂ ಗೌಂಡಿಗಳಿದ್ದೀರಿ, ಸೆಂಟ್ರಿಂಗ್‌ನವರಿದ್ದೀರಿ, ಪುಟ್ಟಿ ಹೊರುವ ಅಕ್ಕಂದಿರಿದ್ದೀರಿ. ನಮ್ಮ ಕೆಲಸದ ಬಗ್ಗೆ ದೇವರು ಇಷ್ಟು ನೇರವಾಗಿ ಮಾತಾಡಿದ್ದಾನೆ ಅಂತ ಗೊತ್ತಾದ ದಿನ ನನಗೆ ಆದ ಸಂತೋಷ ಇವತ್ತಿಗೂ ನೆನಪಿದೆ.

ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಬೆಳೆದವರಿಗೆ ಈ ವಚನ ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಮಲಗುವುದು ಮಾಳಿಗೆ ಮೇಲೆ. ಮೆಣಸಿನಕಾಯಿ, ಶಾವಿಗೆ, ಸಂಡಿಗೆ ಒಣಗುವುದೂ ಅಲ್ಲೇ. ಇಸ್ರಾಯೇಲ್ಯರ ಮನೆಗಳೂ ಹೀಗೇ ಇದ್ದವು. ಯೆರಿಕೋ ಊರಿನ ರಾಹಾಬಳು ಇಸ್ರಾಯೇಲ್ಯರ ಗೂಢಚಾರರನ್ನು ಬಚ್ಚಿಟ್ಟದ್ದು ಮಾಳಿಗೆ ಮೇಲೆ ಹರವಿದ್ದ ದಂಟುಗಳ ಅಡಿಯಲ್ಲಿ. ಯೇಸುವಿನ ಶಿಷ್ಯ ಪೇತ್ರ ಪ್ರಾರ್ಥನೆಗೆ ಅಂತ ಹತ್ತಿದ್ದೂ ಯೊಪ್ಪದ ಒಂದು ಮನೆಯ ಮಾಳಿಗೆಗೆ.

ಈಗ ಗೋವಾಕ್ಕೆ ಬನ್ನಿ. ಇಲ್ಲಿನ ಹಳೆ ಮನೆಗಳಿಗೆ ಇಳಿಜಾರು ಮಾಡು, ಮೇಲೆ ಮಂಗಳೂರು ಹಂಚು. ಆ ಹಂಚಿನ ಕಾರ್ಖಾನೆಯನ್ನು ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಶುರು ಮಾಡಿದ್ದು 1865ರಲ್ಲಿ. ಸುವಾರ್ತೆ ಸಾರಲು ಬಂದವರು ಜನರಿಗೆ ಕೂಲಿ ಸಿಗುವ ಕೆಲಸವೂ ಬೇಕು ಅಂತ ಕಂಡುಕೊಂಡರು. ಅದು ಇನ್ನೊಂದು ದಿನದ ಮಾತು. ಹಂಚಿನ ಮಾಡಿನ ಮೇಲೆ ಯಾರೂ ಮಲಗುವುದಿಲ್ಲ. ಅದಕ್ಕೆ ಸುತ್ತ ಕುಂಬಿ ಕಟ್ಟಿದರೆ ಜೂನ್ ತಿಂಗಳ ಮಳೆಗೆ ನೀರು ನಿಂತು ಮನೆಯೇ ಸೋರುತ್ತದೆ. ಹಾಗಾದರೆ ಗೋವಾದಲ್ಲಿ ಈ ವಚನಕ್ಕೆ ಕೆಲಸ ಇಲ್ಲವಾ?

ಒಂದು ಘಟನೆ ಹೇಳುತ್ತೇನೆ. ಯಾರ ಸೈಟು ಅನ್ನುವುದು ಬೇಡ. ಮೂರನೇ ಸ್ಲ್ಯಾಬ್ ಹಾಕಿ ಆಗಿತ್ತು. ಅಂಚಿಗೆ ಏನೂ ಇರಲಿಲ್ಲ. ಸಂಜೆ ಐದೂವರೆ ಹೊತ್ತು. ಕೂಲಿಗೆ ಬಂದ ಒಬ್ಬಳು ತಾಯಿ ಮೂಲೆಯಲ್ಲಿ ಪುಟ್ಟಿ ತೊಳೆಯುತ್ತಿದ್ದಳು. ಅವಳ ಮಗಳು, ನಾಲ್ಕು ವರ್ಷದವಳಿರಬೇಕು, ನೀರಿನ ಬಾಟಲಿಯ ನೀಲಿ ಮುಚ್ಚಳ ಉರುಳಿಸಿಕೊಂಡು ಆಡುತ್ತಿತ್ತು. ಮುಚ್ಚಳ ಉರುಳಿ ಅಂಚಿಗೆ ಹೋಯಿತು. ಮಗು ಹಿಂದೆಯೇ ಓಡಿತು. ಅಲ್ಲೇ ಸರಳು ಕಡಿಯುತ್ತಿದ್ದ ಹುಡುಗ ಕೈಯಲ್ಲಿದ್ದದ್ದು ಬಿಸಾಕಿ ಮಗುವಿನ ಫ್ರಾಕ್ ಹಿಡಿದುಕೊಂಡ. ಮುಚ್ಚಳ ಮಾತ್ರ ಕೆಳಗೆ ಬಿತ್ತು. ಅದು ಬಿದ್ದ ಸದ್ದು ಕೂಡ ನಮಗೆ ಕೇಳಿಸಲಿಲ್ಲ, ಅಷ್ಟು ಎತ್ತರ.

ಆಮೇಲೆ ನಾವು ನಾಲ್ಕು ಜನ ಸೇರಿ ಬಿದಿರು ತಂದೆವು. ಕಾಲಮ್ಮಿನ ಸರಳುಗಳಿಗೆ ಅಡ್ಡಡ್ಡ ಇಟ್ಟು ಬೈಂಡಿಂಗ್ ತಂತಿಯಿಂದ ಬಿಗಿದೆವು. ಇಪ್ಪತ್ತು ನಿಮಿಷದ ಕೆಲಸ. ಹೊಸ ಖರ್ಚು ಅಂತ ಏನೂ ಇಲ್ಲ, ಬಿದಿರು ಅಲ್ಲೇ ಬಿದ್ದಿತ್ತು. ಸ್ಲ್ಯಾಬಿನ ಸೆಂಟ್ರಿಂಗ್ ಬಿಚ್ಚಿ ಆಗಲೇ ಎಷ್ಟೋ ದಿನ ಆಗಿತ್ತು. ಅಷ್ಟು ದಿನ ನಾನು ಅದೇ ಅಂಚಿನಲ್ಲಿ ಓಡಾಡಿದ್ದೆ, ಧರ್ಮೋಪದೇಶಕಾಂಡವನ್ನೂ ಓದಿದ್ದೆ.

ಕುಂಬಿಯ ಆಜ್ಞೆ ಗೋವಾದ ಹಂಚಿನ ಮಾಡಿಗೆ ಬೇಕಾಗಿಲ್ಲ. ಆದರೆ ಆ ಸ್ಲ್ಯಾಬಿನ ಅಂಚಿಗೆ ಬೇಕಿತ್ತು. ಬಾಲ್ಕನಿಗೆ ಬೇಕು, ಲಿಫ್ಟಿನ ಗುಂಡಿಗೆ ಬೇಕು, ತೆರೆದ ಬಾವಿಗೆ ಬೇಕು. ಮೋಶೆಯ ಧರ್ಮಶಾಸ್ತ್ರವನ್ನು ಹೇಗೆ ಓದಬೇಕು ಅಂತ ಯಾರಾದರೂ ಕೇಳಿದರೆ ನಾನು ಈ ವಚನದಿಂದಲೇ ಶುರು ಮಾಡುತ್ತೇನೆ. ಈ ಆಜ್ಞೆ ಯಾರನ್ನು ಕಾಪಾಡಲಿಕ್ಕೆ ಬಂತು ಅಂತ ಮೊದಲು ಕೇಳಬೇಕು. ಅಂಥವನು ಇವತ್ತು ನನ್ನ ಹತ್ತಿರ ಎಲ್ಲಿದ್ದಾನೆ ಅಂತ ಆಮೇಲೆ ಹುಡುಕಬೇಕು.

ಇದು ನಾನು ಕಂಡುಹಿಡಿದ ದಾರಿ ಅಲ್ಲ. ಯೇಸುವಿನ ಅಪೊಸ್ತಲ ಪೌಲನೇ ಹೀಗೆ ಓದಿದ್ದಾನೆ. ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬಾರದು ಅಂತ ಧರ್ಮೋಪದೇಶಕಾಂಡ 25ರಲ್ಲಿ ಇದೆ. ಹಂತಿ ಕಟ್ಟಿದ್ದನ್ನು ನೋಡಿದವರಿಗೆ ಇದು ಗೊತ್ತು. ದುಡಿಯುವ ಎತ್ತು ಎರಡು ತೆನೆ ತಿಂದರೆ ತಿನ್ನಲಿ. ಪೌಲ ಇದನ್ನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 9ನೇ ಅಧ್ಯಾಯದಲ್ಲಿ ಎತ್ತಿಕೊಂಡು, ಸುವಾರ್ತೆಗಾಗಿ ದುಡಿಯುವವನಿಗೆ ಅದರಿಂದಲೇ ಜೀವನ ನಡೆಯಬೇಕು ಅನ್ನುತ್ತಾನೆ. ತಿಮೊಥೆಯನಿಗೆ ಬರೆಯುವಾಗಲೂ ಅದೇ ವಚನ. ಕೊರಿಂಥದ ಸಭೆಯಲ್ಲಿ ಎತ್ತು ಇರಲಿಲ್ಲ. ದುಡಿಯುವವನು ಇದ್ದ.

ಹಿಂದಿನ ಹಿರಿಯರು ಈ ವಿಷಯದಲ್ಲಿ ತುಂಬಾ ತಲೆ ಕೆಡಿಸಿಕೊಂಡಿದ್ದಾರೆ. ಯೆಹೂದಿ ಗುರುಗಳು ಮೋಶೆಯ ಆಜ್ಞೆಗಳನ್ನು ಎಣಿಸಿ 613 ಅಂದರು. 13ನೇ ಶತಮಾನದಲ್ಲಿ ಕ್ಯಾಥೋಲಿಕ್ ಪಂಡಿತ ಥಾಮಸ್ ಅಕ್ವಿನಾಸ್ ಅವುಗಳನ್ನು ಮೂರು ಬಗೆ ಮಾಡಿದರು. ನಡತೆಯವು, ಆರಾಧನೆಯವು, ನ್ಯಾಯಸ್ಥಾನದವು. ಪ್ರಾಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ಅದನ್ನೇ ಹಿಡಿದರು. 1646ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಸೇರಿದ ಪ್ರಾಟೆಸ್ಟಂಟ್ ಪಂಡಿತರು ತಮ್ಮ ವಿಶ್ವಾಸ ಪ್ರಮಾಣದಲ್ಲಿ ಇದನ್ನು ಇನ್ನೂ ಸ್ಪಷ್ಟವಾಗಿ ಬರೆದರು. ಹತ್ತು ಆಜ್ಞೆಗಳು ಎಲ್ಲರಿಗೂ ಎಲ್ಲ ಕಾಲಕ್ಕೂ. ಯಜ್ಞ, ಶುದ್ಧಿ, ಊಟದ ನಿಯಮಗಳು ಕ್ರಿಸ್ತನಲ್ಲಿ ಮುಗಿದವು. ಇಸ್ರಾಯೇಲ್ ರಾಜ್ಯದ ಕಾನೂನುಗಳು ಆ ರಾಜ್ಯದ ಜೊತೆಗೇ ಮುಗಿದವು, ಅವುಗಳ ಒಳಗಿನ ನ್ಯಾಯ ಮಾತ್ರ ಎಲ್ಲರಿಗೂ ಉಳಿಯುತ್ತದೆ.

ಈ ವಿಂಗಡಣೆ ನನಗೆ ಉಪಯೋಗಕ್ಕೆ ಬಂದಿದೆ. ಆದರೆ ಸತ್ಯವೇದದಲ್ಲಿ ಆಜ್ಞೆಗಳ ಮೇಲೆ ಚೀಟಿ ಅಂಟಿಸಿಲ್ಲ ಅನ್ನುವುದನ್ನೂ ನೆನಪಿಡಬೇಕು. ಯಾಜಕಕಾಂಡ 19 ಓದಿ ನೋಡಿ. ನಿನ್ನ ಹಾಗೆಯೇ ನಿನ್ನ ನೆರೆಯವನನ್ನೂ ಪ್ರೀತಿಸು ಅನ್ನುವುದು 18ನೇ ವಚನ. ಅದರ ಮರುವಚನದಲ್ಲೇ ಎರಡು ಬಗೆಯ ನೂಲಿನ ಬಟ್ಟೆ ಹಾಕಬೇಡ ಅಂತಿದೆ. ಮೇಲಕ್ಕೆ ಹೋದರೆ ಹೊಲದ ಮೂಲೆಯ ತೆನೆಯನ್ನು ಬಡವರಿಗೆ ಬಿಡು ಅಂತಿದೆ. ಕಿವುಡನನ್ನು ಬೈಯಬೇಡ, ಕುರುಡನ ಮುಂದೆ ಎಡವುವಂಥದ್ದು ಇಡಬೇಡ. ಕೆಳಗೆ ಬಂದರೆ ಸರಿಯಾದ ತಕ್ಕಡಿ, ಸರಿಯಾದ ತೂಕದ ಕಲ್ಲು. ಎಲ್ಲ ಒಟ್ಟೊಟ್ಟಿಗೆ ಹೆಣೆದುಕೊಂಡಿವೆ. ಯಾವುದು ಇಂದಿಗೂ ಹೇಗೆ ನಿಲ್ಲುತ್ತದೆ ಅಂತ ತಿಳಿಯಲು ಯೇಸುವಿನ ಹತ್ತಿರ ಹೋಗಬೇಕು. ಧರ್ಮಶಾಸ್ತ್ರವನ್ನು ತೆಗೆದುಹಾಕಲು ಬಂದಿಲ್ಲ, ನೆರವೇರಿಸಲು ಬಂದೆ ಅಂದವನು ಅವನು. ಎರಡನೆಯ ದೊಡ್ಡ ಆಜ್ಞೆ ಅಂತ ಅವನು ಎತ್ತಿ ತೋರಿಸಿದ್ದು ಇದೇ 19ನೇ ಅಧ್ಯಾಯದ ಮಾತು.

ಇನ್ನು ಸುನ್ನತಿ, ಊಟದ ನಿಯಮಗಳ ಹೊರೆಯನ್ನು, ಕೆಲವನ್ನು ಬಿಟ್ಟು, ಯೆಹೂದ್ಯರಲ್ಲದ ವಿಶ್ವಾಸಿಗಳ ಮೇಲೆ ಹೊರಿಸಬಾರದು ಅಂತ ಅಪೊಸ್ತಲರ ಕೃತ್ಯಗಳು 15ರಲ್ಲೇ ತೀರ್ಮಾನವಾಗಿದೆ. ಧರ್ಮಶಾಸ್ತ್ರ ಪಾಲಿಸಿ ಯಾರೂ ರಕ್ಷಣೆ ಸಂಪಾದಿಸುವುದಿಲ್ಲ ಅನ್ನುವುದು ಗಲಾತ್ಯ ಪತ್ರ ಓದಿದ ನಿಮಗೆಲ್ಲ ಗೊತ್ತು. ಅದರಲ್ಲಿ ನನಗೆ ಕಿಂಚಿತ್ತೂ ಅನುಮಾನ ಇಲ್ಲ. ನನ್ನ ಕಳವಳ ಬೇರೆ. ರಕ್ಷಣೆ ಕೃಪೆಯಿಂದ ಅಂತ ಹೇಳಿಕೊಂಡು ನಾವು ಧರ್ಮಶಾಸ್ತ್ರದ ಪುಟಗಳನ್ನು ಸುಮ್ನೆ ದಾಟಿಬಿಡುತ್ತೇವೆ. ದಾಟಿದ್ದರಿಂದ ಪೆಟ್ಟು ತಿಂದವರು ಬೇರೆಯವರು.

ನನ್ನದೇ ಒಂದು ತಪ್ಪು ಹೇಳಬೇಕು. ನಮ್ಮಲ್ಲಿ ಬಟವಡೆ ಶನಿವಾರ. ಒಂದು ವಾರ ಮಾಲಕರ ಬಿಲ್ಲು ಪಾಸಾಗಿರಲಿಲ್ಲ. ನನ್ನ ಕೈಯಲ್ಲಿ ಸ್ವಲ್ಪ ಹಣ ಇತ್ತು. ಗೌಂಡಿಗಳಿಗೆ ಕೊಟ್ಟೆ, ಯಾಕಂದರೆ ಅವರು ಕೆಲಸ ಬಿಟ್ಟು ಹೋದರೆ ನನಗೆ ಕಷ್ಟ. ಪುಟ್ಟಿ ಹೊರುವ ಹೆಂಗಸರಿಗೆ ಸೋಮವಾರ ಅಂದೆ. ಸೋಮವಾರ ಹೋಗಿ ಗುರುವಾರ ಆಯಿತು. ಗುರುವಾರ ರಾತ್ರಿ ಊಟಕ್ಕೆ ಮುಂಚೆ ಮನೆಯಲ್ಲಿ ಪಾಠ ಓದುವಾಗ ಬಂದದ್ದು ಧರ್ಮೋಪದೇಶಕಾಂಡ 24. ಕೂಲಿಯವನ ಕೂಲಿಯನ್ನು ಅದೇ ದಿನ ಸೂರ್ಯ ಮುಳುಗುವ ಮೊದಲೇ ಕೊಡು. ಅವನು ಬಡವ, ಅದರ ಮೇಲೇ ಮನಸ್ಸಿಟ್ಟುಕೊಂಡಿರುತ್ತಾನೆ. ಅವನು ನಿನ್ನ ವಿಷಯ ಯೆಹೋವನಿಗೆ ಮೊರೆಯಿಟ್ಟರೆ ನೀನು ದೋಷಿ.

ಓದುತ್ತಿದ್ದವಳು ನನ್ನ ಮಗಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಓದಿ ಮುಂದೆ ಹೋದಳು. ನನಗೆ ತಟ್ಟೆಯ ಮುಂದೆ ಕೂರಲು ಆಗಲಿಲ್ಲ. ಆ ಹೆಂಗಸರು ಬೈನಾ ಕಡೆ ಇರುತ್ತಿದ್ದರು. ರಾತ್ರಿ ಒಂಬತ್ತಕ್ಕೆ ಹೋದೆ. ಒಬ್ಬಾಕೆ ಬಾಗಿಲಲ್ಲೇ ಸ್ಟೋವ್ ಹಚ್ಚಿದ್ದಳು. ಪಾತ್ರೆಯಲ್ಲಿ ಕುದಿಯುತ್ತಿದ್ದದ್ದು ಬರೀ ನುಚ್ಚು. ಹಣ ಕೊಟ್ಟಾಗ ಅವಳು ಎಣಿಸಲಿಲ್ಲ. ಪಕ್ಕದ ಅಂಗಡಿ ಮುಚ್ಚುವ ಹೊತ್ತಾಗಿತ್ತು, ಓಡಿದಳು. ಅದೇ ದಿನ ಅನ್ನುವ ಎರಡು ಪದ ದೇವರು ಯಾಕೆ ಬರೆಸಿದ ಅಂತ ನನಗೆ ಅವಳು ಓಡಿದ ಓಟದಲ್ಲಿ ಗೊತ್ತಾಯಿತು.

ಪರದೇಶಿಯ ವಿಷಯವೂ ಹಾಗೇ. ವಿಮೋಚನಕಾಂಡ 23ರಲ್ಲಿ ಒಂದು ಮಾತಿದೆ. ಪರದೇಶಿಯನ್ನು ಪೀಡಿಸಬೇಡಿ, ಪರದೇಶಿಯ ಮನಸ್ಸು ಹೇಗಿರುತ್ತದೆ ಅಂತ ನಿಮಗೆ ಗೊತ್ತು, ನೀವೂ ಐಗುಪ್ತದಲ್ಲಿ ಪರದೇಶಿಗಳಾಗಿದ್ದಿರಿ. ಗೋವಾದಲ್ಲಿ ನಮ್ಮನ್ನು ಘಾಟಿಗಳು, ಅಂದರೆ ಘಟ್ಟದ ಆಚೆಯವರು, ಅಂತ ಹೀಯಾಳಿಸಿ ಕರೆದದ್ದು ಕೇಳದವರು ಇಲ್ಲಿ ಯಾರಿದ್ದೀರಿ? ಬಸ್ಸಿನಲ್ಲಿ ಕೇಳಿದ್ದೇವೆ, ಮೀನು ಮಾರ್ಕೆಟ್ಟಿನಲ್ಲಿ ಕೇಳಿದ್ದೇವೆ. ನಮ್ಮ ಮಕ್ಕಳು ಶಾಲೆಯಲ್ಲಿ ಕೇಳಿ ಅಳುತ್ತಾ ಬಂದಿದ್ದಾರೆ. ಆ ಮನಸ್ಸು ನಮಗೆ ಗೊತ್ತು. ಈಗ ಒಡಿಶಾದಿಂದ, ಝಾರ್ಖಂಡದಿಂದ, ಬಿಹಾರದಿಂದ ಹುಡುಗರು ಬರುತ್ತಿದ್ದಾರೆ. ನಾಕಾದಲ್ಲಿ ನಿಂತು ಅವರ ಬಗ್ಗೆ ನಾವು ಆಡುವ ಮಾತೇನು? ಅವರು ಕೂಲಿ ಕೆಡಿಸಿದರು, ಅವರಿಗೆ ಖೋಲಿ ಕೊಡಬೇಡಿ. ಕೊಟ್ಟರೂ ಹತ್ತು ಜನಕ್ಕೆ ಒಂದು ಖೋಲಿ, ಬಾಡಿಗೆ ಜಾಸ್ತಿ. ನಮ್ಮವರಲ್ಲೇ ಬಾಡಿಗೆ ಕೊಡುವವರಿದ್ದೀರಿ, ಅದಕ್ಕೇ ಹೇಳುತ್ತಿದ್ದೇನೆ. ಇದನ್ನು ಪ್ರೀತಿಯಿಂದ ಹೇಳುತ್ತಿದ್ದೇನೆ, ಆದರೆ ಹೇಳದೆ ಬಿಡುವುದಿಲ್ಲ.

ಹೆಣ್ಣುಮಕ್ಕಳ ಪಾಲಿನ ಬಗ್ಗೆ ಎರಡು ಮಾತು. ಅರಣ್ಯಕಾಂಡ 27ರಲ್ಲಿ ಚಲ್ಪಹಾದನ ಐದು ಹೆಣ್ಣುಮಕ್ಕಳು ಮೋಶೆಯ ಮುಂದೆ, ಸಮೂಹದವರ ಮುಂದೆ ನಿಂತು, ನಮ್ಮಪ್ಪನಿಗೆ ಗಂಡುಮಕ್ಕಳಿಲ್ಲ ಅಂತ ಅವನ ಹೆಸರು ಯಾಕೆ ಅಳಿಯಬೇಕು ಅಂತ ಕೇಳಿದರು. ಮೋಶೆ ಅವರನ್ನು ಗದರಿಸಲಿಲ್ಲ. ದೇವರ ಮುಂದೆ ತೆಗೆದುಕೊಂಡು ಹೋದ. ಅವರು ಹೇಳುವುದು ಸರಿ ಅಂತ ದೇವರು ಅಂದ. ಅದು ಮುಂದಿನವರಿಗೂ ಕಾನೂನಾಯಿತು. ಇಲ್ಲಿನ ಗೋವಾದ ಮನೆತನಗಳಲ್ಲಿ ಪೋರ್ತುಗೀಸರ 1867ರ ಸಿವಿಲ್ ಕೋಡಿನ ಕಾಲದಿಂದ ಮಗಳಿಗೂ ಮಗನಷ್ಟೇ ಪಾಲು. ನಾವು ಊರಿಗೆ ಹೋದಾಗ ಏನು ಮಾಡುತ್ತೇವೆ? ತಂಗಿಗೆ ಒಂದು ಸೀರೆ ಕೊಟ್ಟು ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತೇವೆ. ಭಾನುವಾರ ಬಂದು ಇದೇ ಅರಣ್ಯಕಾಂಡ ಓದುತ್ತೇವೆ.

ಇಷ್ಟು ಹೊತ್ತು ನಮ್ಮ ಮನೆ, ನಮ್ಮ ಸೈಟಿನ ಮಾತು. ಈಗ ಸರ್ಕಾರದ ಮಾತಿಗೆ ಬರೋಣ. ದೇವರ ಧರ್ಮಶಾಸ್ತ್ರ ಇಷ್ಟು ಒಳ್ಳೆಯದಾದರೆ ಅದನ್ನೇ ದೇಶದ ಕಾನೂನು ಮಾಡಬಹುದಲ್ವಾ? ಹಾಗೆ ಕೇಳುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಅಮೆರಿಕದಲ್ಲಿ ರಶ್‌ಡೂನಿ ಅನ್ನುವವರು 1973ರಲ್ಲಿ, ಗ್ರೆಗ್ ಬಾನ್ಸೆನ್ ಅನ್ನುವವರು 1977ರಲ್ಲಿ ದೊಡ್ಡ ದೊಡ್ಡ ಪುಸ್ತಕ ಬರೆದು ವಾದಿಸಿದರು. ಮೋಶೆಯ ನ್ಯಾಯವಿಧಿಗಳು, ಶಿಕ್ಷೆಗಳು ಸೇರಿ, ಇವತ್ತಿನ ಸರ್ಕಾರಗಳಿಗೂ ಅನ್ವಯಿಸುತ್ತವೆ ಅಂತ. ಇವರು ಧರ್ಮಶಾಸ್ತ್ರವನ್ನು ಹಗುರವಾಗಿ ಕಾಣಲಿಲ್ಲ, ಅದಕ್ಕೆ ನನ್ನ ಗೌರವ ಇದೆ. ಆದರೆ ಅವರ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ಕಾರಣ ಹೇಳಲು ದೂರ ಹೋಗಬೇಕಾಗಿಲ್ಲ. ಇಲ್ಲಿಂದ ಬಸ್ಸು ಹತ್ತಿದರೆ ಹಳೆ ಗೋವಾ ಸಿಗುತ್ತದೆ.

ಅಲ್ಲಿ ಸೆ ಕೆಥೆಡ್ರಲ್ ಹತ್ತಿರ ಒಂದು ಕಾಲಕ್ಕೆ ಇನ್‌ಕ್ವಿಸಿಷನ್ನಿನ, ಅಂದರೆ ಪೋರ್ತುಗೀಸರ ಕಾಲದ ಕ್ಯಾಥೋಲಿಕ್ ಸಭೆಯ ಧರ್ಮವಿಚಾರಣೆಯ ನ್ಯಾಯಸ್ಥಾನದ, ಅರಮನೆ ಇತ್ತು. ಈಗ ಕಟ್ಟಡ ಇಲ್ಲ. ಪ್ರವಾಸಿಗರು ಆ ಜಾಗದಲ್ಲಿ ನಡೆದುಕೊಂಡು ಹೋಗುತ್ತಾರೆ. ಆ ನ್ಯಾಯಸ್ಥಾನ 1560ರಲ್ಲಿ ಶುರುವಾಯಿತು. 1774ರಿಂದ ನಾಲ್ಕು ವರ್ಷ ನಿಂತಿತ್ತು. ಪೂರ್ತಿ ಮುಗಿದದ್ದು 1812ರಲ್ಲಿ. ದೀಕ್ಷಾಸ್ನಾನ ತೆಗೆದುಕೊಂಡವರು ಗುಟ್ಟಾಗಿ ಹಳೆ ಪದ್ಧತಿ ನಡೆಸುತ್ತಾರಾ ಅಂತ ಹುಡುಕುವುದು ಅದರ ಕೆಲಸ. ಯಾರು ದೂರು ಕೊಟ್ಟರು ಅಂತ ಆರೋಪಿಗೆ ಹೇಳುತ್ತಿರಲಿಲ್ಲ. ಡೆಲ್ಲಾನ್ ಅನ್ನುವ ಫ್ರೆಂಚ್ ವೈದ್ಯ ಅಲ್ಲಿ ಸೆರೆಯಲ್ಲಿದ್ದು ಬಿಡುಗಡೆಯಾಗಿ 1687ರಲ್ಲಿ ಅದನ್ನು ಪುಸ್ತಕ ಮಾಡಿದ. ಇಬ್ಬರು ಮೂವರು ಸಾಕ್ಷಿಗಳು ಮುಂದೆ ನಿಂತು ಹೇಳಬೇಕು ಅಂತ ಮೋಶೆ ಬರೆದದ್ದು ಏನಾಯಿತು ಅಂತ ನಾನು ಅದನ್ನು ತಿಳಿದಾಗ ಯೋಚಿಸಿದೆ.

ಇದರಲ್ಲಿ ನಾವು ಗಮನಿಸಬೇಕಾದ್ದು ಒಂದಿದೆ. ಸಭೆಯವರು ತಾವೇ ಯಾರನ್ನೂ ಸುಡುತ್ತಿರಲಿಲ್ಲ. ತೀರ್ಪು ಕೊಟ್ಟು ಸರ್ಕಾರದ ಕೈಗೆ ಒಪ್ಪಿಸುತ್ತಿದ್ದರು. ಬೆಂಕಿ ಹಚ್ಚುತ್ತಿದ್ದದ್ದು ಸರ್ಕಾರ. ಹೀಗೆ ಇಬ್ಬರಿಗೂ ಇದು ತನ್ನ ಪಾಪ ಅನ್ನಿಸಲಿಲ್ಲ.

ನಮ್ಮ ಕ್ಯಾಥೋಲಿಕ್ ಸಹೋದರರನ್ನು ದೂರಲಿಕ್ಕೆ ನಾನಿದನ್ನು ಹೇಳುತ್ತಿಲ್ಲ. 2000ದ ಮಾರ್ಚಿನಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರು ಸತ್ಯದ ಹೆಸರಲ್ಲಿ ಮಾಡಿದ ಬಲವಂತಕ್ಕಾಗಿ ಎಲ್ಲರೆದುರು ದೇವರ ಕ್ಷಮೆ ಕೇಳಿದರು. ನಮ್ಮ ಪ್ರಾಟೆಸ್ಟಂಟರ ಕೈಯೂ ಶುದ್ಧವಾಗಿಲ್ಲ. ಕ್ಯಾಲ್ವಿನ್ ಇದ್ದ ಜಿನೀವಾದಲ್ಲೇ 1553ರಲ್ಲಿ ಸೆರ್ವೆಟಸ್ ಅನ್ನುವವನನ್ನು ತಪ್ಪು ಬೋಧನೆಗಾಗಿ ಸುಟ್ಟರು. ಕ್ಯಾಲ್ವಿನ್‌ನ ಅನುಯಾಯಿಗಳು 1903ರಲ್ಲಿ ಅದೇ ಊರಲ್ಲಿ ಪಶ್ಚಾತ್ತಾಪದ ಕಲ್ಲು ನೆಟ್ಟರು. ಅಮೆರಿಕದ ಮಸಾಚುಸೆಟ್ಸ್ ವಸಾಹತಿನ ಕ್ರೈಸ್ತರು 1641ರಲ್ಲಿ ಬರೆದ ಕಾನೂನಿನಲ್ಲಿ ಮರಣದಂಡನೆಯ ಅಪರಾಧಗಳ ಪಕ್ಕದಲ್ಲಿ ವಿಮೋಚನಕಾಂಡ, ಯಾಜಕಕಾಂಡ, ಧರ್ಮೋಪದೇಶಕಾಂಡದ ವಚನಗಳನ್ನೇ ಬರೆದರು. ಅದೇ ವಸಾಹತಿನಿಂದ ಹೊರಗಟ್ಟಿಸಿಕೊಂಡ ರೋಜರ್ ವಿಲಿಯಮ್ಸ್ 1636ರಲ್ಲಿ ಪ್ರಾವಿಡೆನ್ಸ್ ಅನ್ನುವ ಊರು ಕಟ್ಟಿ ಬೇರೆ ಮಾತು ಹೇಳಿದ. ಕೊಲೆ, ಕಳವು, ಸುಳ್ಳುಸಾಕ್ಷಿ ಸರ್ಕಾರ ನೋಡಿಕೊಳ್ಳಲಿ. ಮನುಷ್ಯ ದೇವರನ್ನು ಹೇಗೆ ಆರಾಧಿಸುತ್ತಾನೆ ಅನ್ನುವುದರಲ್ಲಿ ಸರ್ಕಾರದ ಕತ್ತಿಗೆ ಕೆಲಸವಿಲ್ಲ. ಈ ವಿಷಯದಲ್ಲಿ ನಾನು ರೋಜರ್ ವಿಲಿಯಮ್ಸ್ ಪಕ್ಷ.

ಅನುಭವದ ಮೇಲೆ ಮಾತ್ರ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ವಚನ ಇದೆ. 1 ಕೊರಿಂಥ 5. ಅಲ್ಲಿ ಒಬ್ಬ ತನ್ನ ತಂದೆಯ ಹೆಂಡತಿಯನ್ನು ಇಟ್ಟುಕೊಂಡಿದ್ದ. ಯಾಜಕಕಾಂಡ 20ರ ಪ್ರಕಾರ ಅದಕ್ಕೆ ಮರಣದಂಡನೆ. ಪೌಲ ಧರ್ಮಶಾಸ್ತ್ರ ಬಲ್ಲವನು, ಫರಿಸಾಯನಾಗಿ ಬೆಳೆದವನು. ಅವನು ಏನು ಹೇಳಿದ? ಆ ದುಷ್ಟನನ್ನು ನಿಮ್ಮೊಳಗಿಂದ ತೆಗೆದುಹಾಕಿ ಅಂದ. ಈ ಮಾತು ಧರ್ಮೋಪದೇಶಕಾಂಡದ್ದೇ, ಅಲ್ಲಿ ಅದು ಮರಣದಂಡನೆಯ ಜೊತೆ ಬರುತ್ತದೆ. ಪೌಲನ ಕೈಯಲ್ಲಿ ಅದು ಸಭೆಯ ಸಹವಾಸದಿಂದ ಹೊರಗಿಡುವುದಾಯಿತು, ಅದೂ ಕೊನೆಗೆ ಅವನ ಆತ್ಮ ಉಳಿಯಲಿ ಅಂತ. ಮುಂದಕ್ಕೆ ಓದಿ. ಹೊರಗಿನವರಿಗೆ ತೀರ್ಪು ಮಾಡುವುದು ನನ್ನ ಕೆಲಸವೇ, ಅವರಿಗೆ ದೇವರು ತೀರ್ಪು ಮಾಡುತ್ತಾನೆ. ಈ ಎರಡು ವಚನಗಳನ್ನು ಹಳೆ ಗೋವಾದ ಆ ಅರಮನೆಯಲ್ಲಿ ಗೋಡೆಗೆ ಬರೆದು ಹಾಕಿದ್ದರೆ ಎಷ್ಟು ಜೀವ ಉಳಿಯುತ್ತಿತ್ತು!

ಹಾಗಂತ ಸರ್ಕಾರಕ್ಕೆ ಸತ್ಯವೇದದಲ್ಲಿ ಏನೂ ಮಾತಿಲ್ಲ ಅಂತ ಅಲ್ಲ. ತುಂಬಾ ಇದೆ. ರೋಮಾಪುರ 13ರಲ್ಲಿ ಅಧಿಕಾರಿಯನ್ನು ದೇವರ ಸೇವಕ ಅಂತ ಕರೆದಿದೆ. ಇದನ್ನು ನಾವು ಅಧಿಕಾರಿಗೆ ತಲೆಬಾಗಿ ಅಂತ ಮಾತ್ರ ಓದುತ್ತೇವೆ. ಸೇವಕ ಅಂದರೆ ಅವನ ಮೇಲೆ ಯಜಮಾನ ಇದ್ದಾನೆ ಅಂತಲೂ ಅಲ್ವಾ? ಧರ್ಮೋಪದೇಶಕಾಂಡ 17ರಲ್ಲಿ ರಾಜನಿಗೆ ನಿಯಮ ಇದೆ. ಕುದುರೆ ಜಾಸ್ತಿ ಮಾಡಿಕೊಳ್ಳಬಾರದು, ಬೆಳ್ಳಿಬಂಗಾರ ಕೂಡಿಡಬಾರದು, ಧರ್ಮಶಾಸ್ತ್ರದ ಪ್ರತಿ ಬರೆಯಿಸಿಕೊಂಡು ದಿನಾ ಓದಬೇಕು, ತನ್ನ ಸಹೋದರರಿಗಿಂತ ತಾನು ದೊಡ್ಡವನು ಅಂತ ಬೀಗಬಾರದು. ಸುತ್ತಮುತ್ತಲಿನ ದೇಶಗಳಲ್ಲಿ ರಾಜನ ಮಾತೇ ಕಾನೂನಾಗಿದ್ದ ಕಾಲ ಅದು.

ನಾಬೋತನ ದ್ರಾಕ್ಷಿತೋಟ ನೆನಪಿದೆಯಲ್ಲ. ಅಹಾಬ ರಾಜನಿಗೆ ಅರಮನೆ ಪಕ್ಕದ ತೋಟ ಬೇಕಾಯಿತು. ಪಿತ್ರಾರ್ಜಿತ, ಕೊಡುವುದಿಲ್ಲ ಅಂದ ನಾಬೋತ. ರಾಣಿ ಈಜೆಬೆಲ್ ರಾಜಮುದ್ರೆ ಒತ್ತಿ ಪತ್ರ ಬರೆದಳು. ಉಪವಾಸದ ದಿನ ಅಂತ ಸಾರಿಸಿದಳು. ಇಬ್ಬರು ಸಾಕ್ಷಿಗಳು ಬೇಕು ಅಂತ ಧರ್ಮಶಾಸ್ತ್ರ ಹೇಳುತ್ತದೆ, ಸರಿಯಾಗಿ ಇಬ್ಬರನ್ನೇ ಕೂರಿಸಿದಳು. ಆರೋಪ ದೇವದೂಷಣೆ. ಕಲ್ಲೆಸೆದು ಕೊಂದರು. ಕಾಗದದ ಮೇಲೆ ಎಲ್ಲ ಧರ್ಮಶಾಸ್ತ್ರದ ಪ್ರಕಾರವೇ ನಡೆಯಿತು. ಧರ್ಮದ ಕಾನೂನು ಅಧಿಕಾರ ಇದ್ದವರ ಕೈಗೆ ಸಿಕ್ಕಾಗ ಏನಾಗುತ್ತದೆ ಅಂತ ಸತ್ಯವೇದವೇ ಬರೆದಿಟ್ಟಿದೆ. ಪ್ರವಾದಿ ಎಲೀಯ ರಾಜನ ಎದುರು ಹೋಗಿ ನಿಂತ. ಅವನ ಕೈಯಲ್ಲಿ ಕತ್ತಿ ಇರಲಿಲ್ಲ. ಕೊಂದು ಸೊತ್ತು ಮಾಡಿಕೊಂಡೆಯಾ ಅಂತ ಕೇಳಿದ. ಸರ್ಕಾರದ ಮುಂದೆ ಸಭೆ ನಿಲ್ಲಬೇಕಾದ್ದು ಹೀಗೆ.

ಶಿಕ್ಷೆಯ ವಿಷಯದಲ್ಲೂ ಕಲಿಯುವುದಿದೆ. ಕಣ್ಣಿಗೆ ಕಣ್ಣು ಅನ್ನುವುದನ್ನು ಜನ ಸೇಡಿನ ಮಾತು ಅಂದುಕೊಂಡಿದ್ದಾರೆ. ಅದು ಸೇಡಿಗೆ ಹಾಕಿದ ಮಿತಿ. ಒಂದು ಕಣ್ಣಿಗೆ ಒಂದು ಜೀವ ತೆಗೆಯುವ ಹಾಗಿಲ್ಲ. ಬಾಬಿಲೋನಿನ ಹಳೆ ರಾಜ ಹಮ್ಮುರಾಬಿಯ ಕಾನೂನಿನಲ್ಲಿ ದೊಡ್ಡವನ ಕಣ್ಣಿಗೆ ಕಣ್ಣು, ದಾಸನ ಕಣ್ಣಿಗೆ ಅವನ ಬೆಲೆಯ ಅರ್ಧ, ಅದೂ ಸೇರುವುದು ಯಜಮಾನನಿಗೆ. ವಿಮೋಚನಕಾಂಡ 21ರಲ್ಲಿ ಯಜಮಾನ ದಾಸನ ಕಣ್ಣು ಹಾಳು ಮಾಡಿದರೆ ದಾಸನಿಗೆ ಬಿಡುಗಡೆ. ಕಳವಿಗೆ ಮೋಶೆಯ ಶಿಕ್ಷೆ ಜೈಲಲ್ಲ. ಕುರಿ ಕದ್ದು ಮಾರಿದವನು ನಾಲ್ಕು ಕುರಿ ಕೊಡಬೇಕು. ಕಳೆದುಕೊಂಡವನಿಗೆ ಅದು ಹೋಗುತ್ತದೆ. ಸುಂಕದವನಾದ ಜಕ್ಕಾಯ ಯೇಸುವಿನ ಮುಂದೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂದದ್ದು ಇಲ್ಲಿಂದಲೇ. ನಮ್ಮ ನ್ಯಾಯಾಲಯಗಳಲ್ಲಿ ಕಳ್ಳ ಜೈಲಿಗೆ ಹೋದರೂ ಕಳೆದುಕೊಂಡವನು ಎಷ್ಟೋ ಸಲ ಬರಿಗೈಯಲ್ಲಿ ಮನೆಗೆ ಬರುತ್ತಾನೆ. ನಾಗರಿಕರಾಗಿ ನಾವು ಇಂಥದ್ದನ್ನು ಕೇಳಬಹುದು, ವಾದಿಸಬಹುದು. ಅದಕ್ಕೆ ಇಡೀ ದೇಶ ಕ್ರೈಸ್ತರಾಗಬೇಕಾಗಿಲ್ಲ. ಬಡವನ ಮುಖ ನೋಡಿಯೂ ದೊಡ್ಡವನ ಮುಖ ನೋಡಿಯೂ ತೀರ್ಪು ಮಾಡಬೇಡ ಅಂತ ಯಾಜಕಕಾಂಡ 19 ಹೇಳುತ್ತದೆ. ಕಾನೂನಿನ ಮುಂದೆ ಎಲ್ಲರೂ ಸಮಾನರು ಅಂತ ನಮ್ಮ ಸಂವಿಧಾನದ 14ನೇ ವಿಧಿ ಹೇಳುತ್ತದೆ. ಅದನ್ನು ಎತ್ತಿ ಹಿಡಿಯಲು ನನಗೆ ಸಂತೋಷವೇ.

ಇಲ್ಲಿಗೆ ಮಾತು ನಿಲ್ಲಿಸಿದೆ. ಪ್ರಶ್ನೆ ಇದ್ದರೆ ಕೇಳಿ ಅಂದೆ.

ಕಾಲೇಜಿಗೆ ಹೋಗುವ ಒಬ್ಬ ಹುಡುಗ ಎದ್ದು ನಿಂತ. “ಅಂಕಲ್, ಸತ್ಯ ಗೊತ್ತಿದ್ದೂ ಅದನ್ನ ಕಾನೂನು ಮಾಡಬಾರದು ಅಂದ್ರೆ ಹೇಗೆ? ನಮ್ಮವರೇ ಜಾಸ್ತಿ ಇದ್ದ ಕಡೆ ಮಾಡಬಹುದಲ್ವಾ?”

ಒಳ್ಳೆಯ ಪ್ರಶ್ನೆ. ನಾನು ಹೇಳಿದೆ, ಕೊಲೆ ಬೇಡ ಅನ್ನುವ ಸತ್ಯವನ್ನು ಕಾನೂನು ಮಾಡಬಹುದು, ಮಾಡಿಯೂ ಇದ್ದಾರೆ. ನಿನ್ನ ದೇವರನ್ನು ಪೂರ್ಣ ಹೃದಯದಿಂದ ಪ್ರೀತಿಸು ಅನ್ನುವುದನ್ನು ಪೊಲೀಸರಿಂದ ಮಾಡಿಸಲು ಆಗುವುದಿಲ್ಲಪ್ಪ. ಹೆದರಿ ಮಾಡಿದ ಆರಾಧನೆ ದೇವರಿಗೆ ಬೇಡ. ಇನ್ನೊಂದು, ಈ ದೇಶದಲ್ಲಿ ನಾವು ಸ್ವಲ್ಪ ಜನ. ಸಂವಿಧಾನದ 25ನೇ ವಿಧಿ ಮನಸ್ಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ ಅಂತಲೇ ಇಲ್ಲಿ ಕೂತು ಹಾಡುತ್ತಿದ್ದೇವೆ. ಬೇರೆಯವರು ನಿಮಗೆ ಏನು ಮಾಡಬೇಕು ಅಂತ ಬಯಸುತ್ತೀರೋ ಅದನ್ನೇ ಅವರಿಗೆ ಮಾಡಿ, ಧರ್ಮಶಾಸ್ತ್ರವೂ ಪ್ರವಾದನೆಯೂ ಇದೇ ಅಂದದ್ದು ಯೇಸು. ನಾವು ಜಾಸ್ತಿ ಇರುವ ಕಡೆ ಅದು ಬದಲಾಗುವುದಿಲ್ಲ.

ಹುಡುಗ ತಲೆ ಆಡಿಸಿದ. ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ. ಇನ್ನೊಮ್ಮೆ ಕೂತು ಮಾತಾಡುತ್ತೇವೆ.

ಎರಡನೆಯದು ಹಿಂದಿನ ಸಾಲಿನ ಒಬ್ಬ ಅಕ್ಕನದು. ಎದ್ದು ನಿಲ್ಲಲಿಲ್ಲ, ಕೂತೇ ಕೇಳಿದರು. “ಅಣ್ಣಾರ, ನಮಗ ಪಗಾರ ಕೊಡಬೇಕಾದವರೂ ವಿಶ್ವಾಸಿಗಳೇ ಅದಾರ. ಅವರ ಮ್ಯಾಲೆ ಕಂಪ್ಲೇಂಟ್ ಕೊಡಬಾರದು, ಸಹೋದರರು ಕೋರ್ಟಿಗೆ ಹೋಗಬಾರದು ಅಂತ ಸತ್ಯವೇದದಾಗ ಐತಿ ಅಂತಾರ. ಖರೇನ?”

ಎಲ್ಲರೂ ಸುಮ್ಮನಾದರು. ನಾನು 1 ಕೊರಿಂಥ 6 ತೆಗೆದು ಜೋರಾಗಿ ಓದಿದೆ. ಅಲ್ಲಿ ಪೌಲ ಕೋರ್ಟಿಗೆ ಹೋಗಬೇಡಿ ಅಂತ ಹೇಳಿ ಸುಮ್ಮನಾಗಿಲ್ಲ. ಸಹೋದರರ ನಡುವೆ ತೀರ್ಮಾನ ಮಾಡಬಲ್ಲ ಒಬ್ಬ ಬುದ್ಧಿವಂತನೂ ನಿಮ್ಮಲ್ಲಿ ಇಲ್ಲವೇ ಅಂತ ಕೇಳುತ್ತಾನೆ. ನೀವೇ ಸಹೋದರರಿಗೆ ಮೋಸ ಮಾಡುತ್ತೀರಿ ಅಂತಲೂ ಬೈಯುತ್ತಾನೆ. ಬೈಗುಳ ಮೋಸ ಮಾಡಿದವನಿಗೂ ಇದೆ. ಯಾಕೋಬನ ಪತ್ರದ 5ನೇ ಅಧ್ಯಾಯ ಇನ್ನೂ ಖಡಕ್ಕು. ಹೊಲ ಕೊಯ್ದವರಿಗೆ ಕೊಡದೆ ಹಿಡಿದುಕೊಂಡ ಕೂಲಿ ಕೂಗುತ್ತದೆ, ಆ ಕೂಗು ಕರ್ತನ ಕಿವಿಗೆ ಬಿದ್ದಿದೆ. ಪೌಲ ಕೂಡ ತನಗೆ ಅನ್ಯಾಯವಾದಾಗ ರೋಮಿನ ಪೌರತ್ವ ಎತ್ತಿ ತೋರಿಸಿದ, ಕೈಸರನ ಮುಂದೆ ನ್ಯಾಯ ಕೇಳಿದ. ಆದ್ದರಿಂದ ಮೊದಲು ಹಿರಿಯರು ಕೂತು ಆ ಸಹೋದರನನ್ನು ಕೇಳುತ್ತೇವೆ. ಅವರು ಕೇಳದಿದ್ದರೆ ಕಾರ್ಮಿಕ ಇಲಾಖೆಗೆ ನಾನೇ ನಿಮ್ಮ ಜೊತೆ ಬರುತ್ತೇನೆ. ಅದರಲ್ಲಿ ಪಾಪ ಇಲ್ಲ.

ಎಷ್ಟು ದಿನದ್ದು ಬಾಕಿ ಅಂತ ಕೇಳಿದೆ. ಪ್ರಾರ್ಥನೆ ಮುಗಿದ ಮೇಲೆ ಅಕ್ಕ ಚೀಲದಿಂದ ಒಂದು ಸಣ್ಣ ಡೈರಿ ತೆಗೆದರು. ಅವರಿಗೆ ಬರೆಯಲು ಬರುವುದಿಲ್ಲ. ದಿನಕ್ಕೊಂದು ಗೀಟು ಹಾಕಿದ್ದರು, ಅರ್ಧ ದಿನಕ್ಕೆ ಸಣ್ಣ ಗೀಟು. ನಾವು ಮೂವರು ಟ್ಯೂಬ್‌ಲೈಟ್ ಕೆಳಗೆ ನಿಂತು ಎಣಿಸಿದೆವು. ದೊಡ್ಡವು 41, ಸಣ್ಣವು 6. ಒಂದು ಹಾಳೆಯಲ್ಲಿ ಬರೆದುಕೊಂಡೆವು. ಮಂಗಳವಾರ ಸಂಜೆ ಏಳಕ್ಕೆ ಅವರ ಮನೆಗೆ ಹೋಗುವುದು ಅಂತ ಗೊತ್ತಾಯಿತು.